ರಾಜ, ಹುಡುಕು (3)

ತಲೆಬರಹದಲ್ಲಿ ಇರುವುದು ಒಂದು ಪದಬಂಧದ ಸುಳಿವು. ಉತ್ತರಕ್ಕೆ ಮೂರು ಮನೆ. ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ ನೋಡಿ.

ಓದಿದ ಕೂಡಲೇ ರಾಜ ಅಂತ ಒಬ್ಬ ಹುಡುಗ ಕಣ್ಮುಂದೆ ಬರುತ್ತಾನೆ. ಮನೆಯಲ್ಲಿ ಏನೋ ಕಳೆದಿದೆ, ಅವನಿಗೆ ಹುಡುಕಲು ಹೇಳುತ್ತಿದ್ದಾರೆ. ಏನು ಕಳೆದಿರಬಹುದು, ಬೀಗದ ಕೈಯಾ, ಕನ್ನಡಕವಾ ಅಂತ ನೀವು ತಲೆ ಕೆರೆದುಕೊಂಡರೆ ಸುಳಿವು ಬರೆದವನು ಗೆದ್ದ. ಆ ಹುಡುಗನನ್ನು ಹುಟ್ಟಿಸಿದ್ದು ನಿಮ್ಮ ತಲೆ. ಕಾಗದದ ಮೇಲೆ ಎರಡು ಪದ, ನಡುವೆ ಒಂದು ಅಲ್ಪವಿರಾಮ, ಅಷ್ಟೇ. ರಾಜ ಎಂದರೆ ಅರಸು. ಹುಡುಕು ಎಂದರೂ ಅರಸು. ಅ, ರ, ಸು. ಮೂರು ಮನೆ ತುಂಬಿತು.

ಇಂಥ ಸುಳಿವಿಗೆ ಇಂಗ್ಲಿಷಿನವರು ಕ್ರಿಪ್ಟಿಕ್ ಎನ್ನುತ್ತಾರೆ. ನಾನು ಸುಮ್ನೆ ಗೂಢ ಸುಳಿವು ಅನ್ನುತ್ತೇನೆ. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಜಾಸ್ತಿ ಇರುವುದು ನೇರ ಸುಳಿವು: ಒಂದು ಅರ್ಥ ಕೊಟ್ಟು ಇನ್ನೊಂದು ಪದ ಕೇಳುವುದು, ನಡುವೆ ಅಲ್ಲೊಂದು ಇಲ್ಲೊಂದು "ತಿರುಗಿದೆ", "ಚದುರಿದೆ" ಎಂಬ ಕೀಟಲೆ. ಅ.ನಾ. ಪ್ರಹ್ಲಾದರಾವ್ ಅಂಥವರು ದಶಕಗಟ್ಟಲೆ ಕೂತು ಸಾವಿರಾರು ಪದಬಂಧ ಕಟ್ಟಿದ್ದರಿಂದ ಬೆಳಗಿನ ಕಾಫಿ ಜೊತೆ ಪೆನ್ಸಿಲ್ ಹುಡುಕುವ ಚಟ ಎಷ್ಟೋ ಕನ್ನಡ ಮನೆಗಳಿಗೆ ಹತ್ತಿತು. ಆ ಚಟ ಇರುವವರೂ ಗೂಢ ಸುಳಿವು ಅಂದರೆ "ಅದೆಲ್ಲ ಇಂಗ್ಲಿಷ್ ಪೇಪರಿನವರ ಕಸರತ್ತು, ನಮ್ಮದಲ್ಲ" ಎಂದು ಪುಟ ಮಗುಚುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕನ್ನಡಕ್ಕೆ ಈ ಆಟ ಚೆನ್ನಾಗಿ ಒಗ್ಗುತ್ತದೆ, ಆದರೆ ಆಡುವ ರೀತಿ ಬೇರೆ.

ಮೊದಲು ನಿಯಮ. ಗೂಢ ಸುಳಿವಿನಲ್ಲಿ ಎರಡು ತುಂಡು. ಒಂದು ತುಂಡು ಉತ್ತರದ ಅರ್ಥ ಹೇಳುತ್ತದೆ, ನೆಟ್ಟಗೆ, ನಿಘಂಟಿನ ಹಾಗೆ. ಇನ್ನೊಂದು ಉತ್ತರವನ್ನು ಕಟ್ಟುವ ವಿಧಾನ ಹೇಳುತ್ತದೆ, ಅಡುಗೆ ಪುಸ್ತಕದ ಹಾಗೆ: ಇದನ್ನು ತಗೋ, ಅದರೊಳಗೆ ಹಾಕು, ಕಲಕು, ತಿರುವು. ಎರಡೂ ತುಂಡು ಒಂದೇ ಉತ್ತರಕ್ಕೆ ಬಂದು ನಿಲ್ಲಬೇಕು. ಅದಕ್ಕೇ ಇದು ನೇರ ಸುಳಿವಿಗಿಂತ ಒಂದು ರೀತಿಯಲ್ಲಿ ಸುಲಭ. ನೇರ ಸುಳಿವಿನಲ್ಲಿ ಹೊಳೆಯಲಿಲ್ಲ ಅಂದರೆ ಹೊಳೆಯಲಿಲ್ಲ, ಇಲ್ಲಿ ಬಾಗಿಲು ಎರಡಿವೆ. ತೊಂದರೆ ಏನೆಂದರೆ, ಈ ಎರಡು ತುಂಡಿನ ಬೆಸುಗೆ ಕಾಣದ ಹಾಗೆ ಇಡೀ ಸುಳಿವನ್ನು ಒಂದು ಸಹಜ ವಾಕ್ಯದಂತೆ ಬರೆದಿರುತ್ತಾರೆ, ನೀವು ವಾಕ್ಯವನ್ನು ನಂಬುತ್ತೀರಿ.

ಈ ಆಟ ಬೆಳೆದ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1913ರ ಡಿಸೆಂಬರ್ 21ರ ಭಾನುವಾರ, ಲಿವರ್‌ಪೂಲ್‌ನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಆರ್ಥರ್ ವಿನ್ ಎಂಬ ಪತ್ರಕರ್ತ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ವಜ್ರದ ಆಕಾರದ ಒಂದು ಪದಬಂಧ ಹಾಕಿದ. ಅವನಿಟ್ಟ ಹೆಸರು ವರ್ಡ್-ಕ್ರಾಸ್. ಕೆಲವೇ ವಾರದಲ್ಲಿ ಹೆಸರೇ ಉಲ್ಟಾ ಆಗಿ ಕ್ರಾಸ್-ವರ್ಡ್ ಆಯಿತು. ಅದರಲ್ಲಿ ಎಲ್ಲ ನೇರ ಸುಳಿವುಗಳೇ. ಮೋಸ ಕಲಿಸಿದ್ದು ಬ್ರಿಟನ್. 1926ರಲ್ಲಿ ಅಲ್ಲಿನ ಅಬ್ಸರ್ವರ್ ಪತ್ರಿಕೆಯಲ್ಲಿ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಎಂಬಾತ ಟೊರ್ಕ್ವೆಮಾಡಾ ಎಂಬ ಗುಪ್ತನಾಮದಲ್ಲಿ ಪೂರ್ತಿ ಗೂಢ ಸುಳಿವುಗಳ ಪದಬಂಧ ಕೊಡಲು ಶುರು ಮಾಡಿದ. ಟೊರ್ಕ್ವೆಮಾಡಾ ಅಂದರೆ ಸ್ಪೇನ್‌ನಲ್ಲಿ ಧರ್ಮದ ಹೆಸರಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸಿದ ಪಾದ್ರಿ. ಓದುಗರ ಬಗ್ಗೆ ಎಷ್ಟು ಪ್ರೀತಿ ನೋಡಿ. ಅವನ ನಂತರ 1939ರಲ್ಲಿ ಬಂದ ಡಿ.ಎಸ್. ಮ್ಯಾಕ್‌ನಟ್ ಇಟ್ಟುಕೊಂಡ ಹೆಸರು ಕ್ಸಿಮಿನೀಸ್, ಅದೂ ಅಂಥದೇ ಇನ್ನೊಬ್ಬ ಪಾದ್ರಿಯದು. 1972ರಲ್ಲಿ ಆ ಜಾಗಕ್ಕೆ ಬಂದವರು ಆಜೆಡ್. ಡೇಜಾ ಎಂಬ ಮತ್ತೊಬ್ಬ ಹಿಂಸಕನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹಿಂದಿನಿಂದ ಓದಿದರೆ ಆಜೆಡ್. ಹೆಸರೇ ಒಂದು ಸುಳಿವು!

ಕ್ಸಿಮಿನೀಸ್ ಕಾಲದವನೇ ಆದ, ಆಫ್ರಿಟ್ ಎಂಬ ಹೆಸರಲ್ಲಿ ಪದಬಂಧ ಕಟ್ಟುತ್ತಿದ್ದ ಇನ್ನೊಬ್ಬ 1949ರಲ್ಲಿ ಒಂದು ಮಾತು ಬರೆದ, ಈ ಕಸುಬಿನವರಿಗೆ ಇವತ್ತಿಗೂ ಅದೇ ಕಟ್ಟಲೆ. ಕನ್ನಡದಲ್ಲಿ ಹೇಳುವುದಾದರೆ: ನಾನು ಹೇಳಿದ ಹಾಗೆ ನನ್ನ ಮನಸ್ಸಿನಲ್ಲಿ ಇರಬೇಕಿಲ್ಲ, ಆದರೆ ಮನಸ್ಸಿನಲ್ಲಿ ಇರುವುದನ್ನು ನಾನು ಹೇಳಿರಲೇಬೇಕು. ಅಂದರೆ ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ. ಉತ್ತರ ಗೊತ್ತಾದ ಮೇಲೆ ಸುಳಿವನ್ನು ಮತ್ತೆ ಓದಿದರೆ ಪ್ರತಿ ಪದಕ್ಕೂ ಲೆಕ್ಕ ಸಿಗಬೇಕು.

ಈ ಲೆಕ್ಕ ತಪ್ಪಿ ನಾನು ಒಮ್ಮೆ ಸರಿಯಾಗಿ ಬೈಸಿಕೊಂಡೆ. ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರಕ್ಕೊಂದು ಸುಳಿವು ಹಾಕುವುದು ನನ್ನ ಹುಚ್ಚು. ಶುರುವಿನಲ್ಲಿ ಹಾಕಿದ್ದು ಇದು: "ಮಾನವ ಕಲಕಿದಾಗ ಬಂದ ಕುಳ್ಳ (3)". ಉತ್ತರ ವಾಮನ. ಇಂಗ್ಲಿಷ್ ಅಕ್ಷರದಲ್ಲಿ ಎರಡನ್ನೂ ಬರೆದು ನೋಡಿ, ಅವೇ ಆರು ಅಕ್ಷರ ಜಾಗ ಬದಲಿಸಿವೆ. ನನಗೆ ಭಾರಿ ಹೆಮ್ಮೆ. ಐದು ನಿಮಿಷದಲ್ಲಿ ಸೋದರಮಾವನ ಫೋನು.

"ಏನಪ್ಪಾ, ಮಾನವದಲ್ಲಿ ವಾ ಎಲ್ಲಿದೆಯೋ? ನನಗೆ ಮಾ ಕಾಣುತ್ತೆ, ನ ಕಾಣುತ್ತೆ, ವ ಕಾಣುತ್ತೆ. ವಾ ಏನು ಅಂಗಡಿಯಿಂದ ತರಬೇಕಾ?"

ಮಾವ ಹೇಳಿದ್ದು ನೂರಕ್ಕೆ ನೂರು ಸರಿ. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಹೋಗುವುದು ಒಂದು ಪೂರ್ತಿ ಅಕ್ಷರ. ಕಾಗುಣಿತದ ಕೊಂಬು, ದೀರ್ಘ, ಒತ್ತು, ಸೊನ್ನೆ ಎಲ್ಲ ಆ ಅಕ್ಷರದ ಮೈಗೆ ಅಂಟಿಕೊಂಡೇ ಒಳಗೆ ಬರುತ್ತವೆ. ಮಾ ಇಂದ ದೀರ್ಘವನ್ನು ಕಿತ್ತು ವ ಮೇಲೆ ಕೂರಿಸುವ ಹಾಗಿಲ್ಲ. ನಾನು ಕನ್ನಡ ಪದ ತಗೊಂಡು ಇಂಗ್ಲಿಷ್ ತಲೆಯಲ್ಲಿ ಕಲಕಿದ್ದೆ.

ಈ ಒಂದು ವ್ಯತ್ಯಾಸ ಇಡೀ ಆಟವನ್ನು ಬದಲಿಸುತ್ತದೆ, ಹೇಗೆ ಅಂತ ನೋಡಿ. ಇಂಗ್ಲಿಷ್‌ನಲ್ಲಿ ಒಂದು ಮನೆಗೆ ಬರಬಹುದಾದ ಅಕ್ಷರ 26. ನಮ್ಮಲ್ಲಿ 34 ವ್ಯಂಜನಕ್ಕೆ 13 ಸ್ವರದ ಗುಣಿತ ಹಾಕಿದರೇ 442, ಅದರ ಮೇಲೆ ಬರಿ ಸ್ವರಗಳು, ಅಂ ಅಃ ಸೇರಿದವು, ಮತ್ತೆ ಒತ್ತಕ್ಷರಗಳ ಸಂತೆ. ಕರ್ನಾಟಕ ಇಂಗ್ಲಿಷ್‌ನಲ್ಲಿ 9 ಮನೆ, ನಮಗೆ ನಾಲ್ಕೇ: ಕ, ರ್ನಾ, ಟ, ಕ. ಬೆಂಗಳೂರೂ ಹಾಗೇ, ಅಲ್ಲಿ 9, ಇಲ್ಲಿ 4. ಹಾಗಾಗಿ ನಮ್ಮ ಉತ್ತರಗಳು ಗಿಡ್ಡ, ಎರಡರಿಂದ ಐದು ಮನೆ, ಆರು ಅಂದರೆ ದೊಡ್ಡದು. ಬಿಡಿಸುವವರಿಗೆ ಇದು ಲಾಭ. ಅಡ್ಡ ಸಾಲಿನಿಂದ ಒಂದು ತ್ತು ಸಿಕ್ಕಿತು ಅಂದುಕೊಳ್ಳಿ, ಅರ್ಧ ಉತ್ತರ ಸಿಕ್ಕಂತೆ, ಕತ್ತು, ಮುತ್ತು, ಹೊತ್ತು ಎಂದು ಪಟ್ಟಿ ಮಾಡಿಯೇ ಮುಗಿಸಬಹುದು. ಕಟ್ಟುವವನ ಪಾಡು ಕೇಳಬೇಡಿ. ಮೇಲಿನಿಂದ ಇಳಿಯುವ ಪದದಲ್ಲೂ ಅದೇ ಜಾಗಕ್ಕೆ ಅದೇ ತ್ತು ಬರಬೇಕಲ್ಲ. ನಮ್ಮ ಪದಬಂಧಗಳಲ್ಲಿ ಕಪ್ಪು ಮನೆಗಳ ಕಾಟ ಜಾಸ್ತಿ ಇರುವುದಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ.

ಅಕ್ಷರ ಕಲಕುವ ಆಟ ಕನ್ನಡದಲ್ಲಿ ಕಷ್ಟ ಅಂತಾಯಿತು. ಪೂರ್ತಿ ಆಗದ್ದೇನಲ್ಲ. ಗುಣಿತದ ಚಿಹ್ನೆ ಇಲ್ಲದ, ಬರಿ ಅಕಾರದ ಪದ ಹುಡುಕಬೇಕು. ಮರಣ ಕಲಕಿದರೆ ರಮಣ. ಮದನ ಕಲಕಿದರೆ ದಮನ. ಮಾವನಿಗೆ ಸಮಾಧಾನವಾಗಲಿ ಅಂತ ಮುಂದಿನ ವಾರ ಹಾಕಿದ್ದು: "ಮದನ ಚೆಲ್ಲಾಪಿಲ್ಲಿಯಾಗಿದ್ದು ಇದರಿಂದ (3)". ಮದನದ ಅಕ್ಷರ ಚೆಲ್ಲಾಪಿಲ್ಲಿ ಮಾಡಿದರೆ ದಮನ. ಶಿವ ಮೂರನೇ ಕಣ್ಣು ಬಿಟ್ಟು ಮದನನ ಗತಿ ಏನು ಮಾಡಿದ ಅಂತ ನಮಗೆಲ್ಲ ಗೊತ್ತು, ಅದೂ ದಮನವೇ. ಇಲ್ಲಿ ಅರ್ಥದ ತುಂಡು, ವಿಧಾನದ ತುಂಡು ಎಂದು ಗೆರೆ ಎಳೆಯಲಾಗುವುದಿಲ್ಲ, ಇಡೀ ವಾಕ್ಯ ಎರಡು ಕೆಲಸವನ್ನೂ ಮಾಡುತ್ತದೆ. ಇಂಥದು ವರ್ಷಕ್ಕೆ ಒಂದೆರಡು ಸಿಕ್ಕರೆ ಪುಣ್ಯ.

ಕಲಕುವುದರಲ್ಲಿ ಕಳೆದುಕೊಂಡದ್ದನ್ನು ಕನ್ನಡ ತಿರುಗಿಸುವುದರಲ್ಲಿ ಬಡ್ಡಿ ಸಮೇತ ವಾಪಸ್ ಕೊಡುತ್ತದೆ. "ಹಿಂದಕ್ಕೆ ಹರಿದ ನದಿಗೆ ಇಪ್ಪತ್ತನಾಲ್ಕು ಗಂಟೆ (2)". ನದಿಯನ್ನು ಹಿಂದಿನಿಂದ ಓದಿ: ದಿನ. "ಕೋತಿ ಹಿಂದಕ್ಕೆ ತಿರುಗಿದರೆ ಕೋಗಿಲೆ (2)". ಕೋತಿ ಎಂದರೆ ಕಪಿ, ತಿರುಗಿಸಿದರೆ ಪಿಕ. ಗಜ ತಿರುಗಿದರೆ ಜಗ, ಸರ ತಿರುಗಿದರೆ ರಸ. ಮೇಲಿನಿಂದ ಕೆಳಕ್ಕೆ ಬರುವ ಪದವಾದರೆ "ಹಿಂದಕ್ಕೆ" ಅನ್ನುವ ಬದಲು "ಮೇಲಕ್ಕೆ ಹತ್ತಿದ" ಅನ್ನಬೇಕು, ಯಾಕೆಂದರೆ ಅಲ್ಲಿ ಅಕ್ಷರಗಳು ನಿಂತಿರುತ್ತವೆ.

ಇಷ್ಟು ಚೆಂದ ಯಾಕೆ ಹೊಂದುತ್ತವೆ? ಗುಣಿತ ಅಕ್ಷರದ ಜೊತೆಗೇ ತಿರುಗುವುದರಿಂದ. ನದಿ ಎಂಬ ಸದ್ದನ್ನು ರೆಕಾರ್ಡ್ ಮಾಡಿ ಹಿಂದಿನಿಂದ ಓಡಿಸಿದರೆ ದಿನ ಕೇಳಿಸುವುದಿಲ್ಲ, ಇದನ್ ಅನ್ನುವಂಥ ಏನೋ ಕೇಳಿಸುತ್ತದೆ. ಕಂಪ್ಯೂಟರಿಗೂ ಇದು ಅರ್ಥವಾಗುವುದಿಲ್ಲ. ಅದರ ಲೆಕ್ಕದಲ್ಲಿ ದ ಬೇರೆ, ಗುಡಿಸು ಬೇರೆ, ತಿರುಗಿಸು ಅಂದರೆ ಗುಡಿಸನ್ನು ಮುಂದೆ ತಂದು ಗಾಳಿಯಲ್ಲಿ ನೇತಾಡಿಸುತ್ತದೆ. ವಾಲ್ಮೀಕಿ ಮರಾ ಮರಾ ಎಂದು ಜಪಿಸಿ ರಾಮನನ್ನು ತಲುಪಿದ ಅಂತ ಕಥೆ ಕೇಳಿದ್ದೇವಲ್ಲ, ಆ ಕಥೆಯೂ ನಿಂತಿರುವುದು ಈ ಅಕ್ಷರದ ಲೆಕ್ಕದ ಮೇಲೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ತಿರುಗಿಸಿದ್ದರೆ ಅವನು ಅಮರ್ ಅಂತ ಯಾರದೋ ಹೆಸರು ಹೇಳುತ್ತಾ ಕೂರಬೇಕಿತ್ತು.

ಅಡಗಿಸಿ ಇಡುವುದು ಇನ್ನೊಂದು ವಿಧಾನ, ಹೊಸಬರಿಗೆ ಇದೇ ಒಳ್ಳೆಯ ಬಾಗಿಲು, ಯಾಕೆಂದರೆ ಉತ್ತರ ಕಣ್ಣೆದುರಿಗೇ ಬರೆದಿರುತ್ತದೆ. "ಲೇಖಕ ಮಲಗಿದಾಗ ಒಳಗೆ ಅರಳುವ ಹೂವು (3)". ಏನೋ ಕನಸು, ಕಲ್ಪನೆ ಅಂತೆಲ್ಲ ಹೋಗಬೇಡಿ. ಲೇಖಕ ಮಲಗಿದಾಗ ಅನ್ನುವುದನ್ನು ಜಾಗ ಬಿಡದೆ ಓದಿ. ಲೇಖದ ನಂತರ ಏನಿದೆ? ಕ, ಮ, ಲ. ಎರಡು ಪದದ ನಡುವೆ ಕಮಲ ಕಾಲು ಚಾಚಿ ಮಲಗಿದೆ. "ಒಳಗೆ", "ನಡುವೆ", "ಮಡಿಲಲ್ಲಿ", "ಬಚ್ಚಿಟ್ಟ" ಇಂಥ ಪದ ಸುಳಿವಿನಲ್ಲಿ ಕಂಡರೆ ಮೊದಲು ಪದಗಳ ಸಂದಿಯಲ್ಲಿ ಇಣುಕಿ ನೋಡುವುದು ಒಳ್ಳೆಯದು.

ಇದಕ್ಕೆ ಹತ್ತಿರದ್ದು ಒಂದರೊಳಗೆ ಇನ್ನೊಂದನ್ನು ತುರುಕುವುದು. ಅದಕ್ಕೆ ಒಂದಕ್ಷರದ ಸಣ್ಣ ಸಾಮಾನು ಬೇಕಾಗುತ್ತದೆ. ಇಂಗ್ಲಿಷಿನವರು ರೋಮನ್ ಅಂಕಿ, ದಿಕ್ಕುಗಳ ಮೊದಲಕ್ಷರ, ರಸಾಯನಶಾಸ್ತ್ರದ ಚಿಹ್ನೆ ಎಲ್ಲವನ್ನೂ ಎಳೆದು ತರುತ್ತಾರೆ. ಅವರ ಒಂದು ಪ್ರಸಿದ್ಧ ಸುಳಿವಿನಲ್ಲಿ ಎಚ್‌ನಿಂದ ಓವರೆಗಿನ ಎಂಟು ಅಕ್ಷರ ಸಾಲಾಗಿ ಬರೆದಿದೆ, ಬೇರೇನೂ ಇಲ್ಲ. ಎಚ್ ಟು ಓ, ಉತ್ತರ ನೀರು! ನಮ್ಮ ಪೆಟ್ಟಿಗೆಯಲ್ಲಿ ಏನಿದೆ? ಸಪ್ತಸ್ವರ ಇದೆ. ಸ ರಿ ಗ ಮ ಪ ದ ನಿ, ಏಳು ಒಂಟಿ ಅಕ್ಷರ, ಎಲ್ಲರಿಗೂ ಗೊತ್ತಿರುವವು. "ಹಣದ ನಡುವೆ ಸ್ವರ ಹೊಕ್ಕರೆ ಜಿಂಕೆ (3)". ಹ, ಣ ನಡುವೆ ರಿ ಹಾಕಿ: ಹರಿಣ. ನರನೊಳಗೆ ಗ ಹೊಕ್ಕರೆ ನಗರ. ನನಗೆ ತುಂಬಾ ಇಷ್ಟವಾದದ್ದು: "ಸ್ವರಗಳ ಸಾಲಿನ ಕೊನೆಯ ಇಬ್ಬರು ಕೂಗಿದರೆ ಕೇಳಿಸುವುದು (2)". ದ, ನಿ. ದನಿ.

ಸ್ವರ ಬಿಟ್ಟರೆ ಒಂದಕ್ಷರದ ಕನ್ನಡ ಪದಗಳೇ ಬೇಕಾದಷ್ಟಿವೆ: ಕೈ, ಮೈ, ಬಾ, ತಾ, ಮೀ, ಆ, ಈ. ಇವನ್ನು ಬೇರೆ ಪದದ ಪಕ್ಕ ಇಟ್ಟು ಜೋಡಿಸಬಹುದು. "ದೇಹಕ್ಕೊಂದು ಛಾವಣಿ ಹಾಕಿದರೆ ಅರಮನೆಯ ಊರು (3)". ಮೈ, ಸೂರು. "ತೆಗೆದುಕೊಂಡು ಬಾ ಕುತ್ತಿಗೆ, ಶಕ್ತಿ ಇದ್ದರೆ (3)". ತಾ, ಕತ್ತು, ತಾಕತ್ತು. ಕಟ್ಟುನಿಟ್ಟಿನವರು ಇದರಲ್ಲಿ "ಇದ್ದರೆ" ಎಂಬ ಪದಕ್ಕೆ ಲೆಕ್ಕ ಎಲ್ಲಿ ಎಂದು ಕೇಳುತ್ತಾರೆ. ಲೆಕ್ಕ ಇಲ್ಲ. ಆಫ್ರಿಟ್ ಇದ್ದಿದ್ದರೆ ಹೊಡೆದು ಹಾಕುತ್ತಿದ್ದ. ಆದರೆ ಆ ಪದ ತೆಗೆದರೆ ಜಗಳದ ಗತ್ತೇ ಹೋಗುತ್ತದೆ, ನಾನು ಬಿಟ್ಟುಕೊಡುವುದಿಲ್ಲ.

ಜೋಡಿಸುವ ಆಟಕ್ಕೆ ನಮ್ಮ ಊರ ಹೆಸರುಗಳಂಥ ಗಣಿ ಇನ್ನೊಂದಿಲ್ಲ. ರಾಯಚೂರಿನಲ್ಲಿ ರಾಯನೂ ಇದ್ದಾನೆ, ಚೂರೂ ಇದೆ. ಕಾರವಾರ ಅಂದರೆ ಕಾರ, ವಾರ. ಅದಕ್ಕೆ ನಾನು ಬರೆದದ್ದು: "ಮೆಣಸಿನ ರುಚಿ ಹತ್ತಿ ಏಳು ದಿನಕ್ಕೆ ಬಂದರು (4)". ಓದಿದರೆ ಯಾರೋ ನೆಂಟರು ಊಟದ ರುಚಿ ಹಿಡಿದು ವಾರದಲ್ಲೇ ಮತ್ತೆ ವಕ್ಕರಿಸಿದ ಹಾಗೆ ಇದೆ. ಬಂದರು ಅನ್ನುವುದೇ ಇಲ್ಲಿನ ಗಾಳ. ಹಡಗು ನಿಲ್ಲುವ ಜಾಗವೂ ಬಂದರೇ ತಾನೆ. ಕಾರಕ್ಕೆ ಮಹಾಪ್ರಾಣ ಬೇಕು, ಖಾರ ಅಂತಲೇ ಬರೆಯಬೇಕು ಎನ್ನುವವರು ಈ ಸುಳಿವಿಗೆ ತಕರಾರು ತೆಗೆಯಬಹುದು. ತೆಗೆಯಲಿ.

ಜೋಡಿಸುವಾಗ ಕನ್ನಡದಲ್ಲಿ ಒಂದು ಗುಂಡಿ ಇದೆ: ಸಂಧಿ. ಮಗಳು, ಊರು ಅಕ್ಕಪಕ್ಕ ಇಟ್ಟರೆ ಐದು ಮನೆ ಬೇಕು. ಆದರೆ ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಉಕಾರ ಮಾಯ, ಊ ಹೋಗಿ ಳ ಹೆಗಲೇರುತ್ತದೆ, ಮಗಳೂರು ಅಂತ ನಾಲ್ಕೇ ಮನೆಯಲ್ಲಿ ಕೂತುಬಿಡುತ್ತಾರೆ. ಹೀಗೆ ಅಕ್ಷರ ನುಂಗುವುದು ನ್ಯಾಯವಾ? ನನ್ನ ಪ್ರಕಾರ, ಎಚ್ಚರಿಕೆ ಕೊಟ್ಟು ಮಾಡಿದರೆ ನ್ಯಾಯ. "ಕಿರಿಯ ಪುತ್ರಿ, ಗ್ರಾಮ ಸಂಧಿಸಿದ ಕಾಫಿ ನಾಡು (6)". ಚಿಕ್ಕ ಮಗಳು ಮತ್ತು ಊರು ಸಂಧಿಸಿದರೆ ಚಿಕ್ಕಮಗಳೂರು. ಸಂಧಿಸಿದ ಅಂದರೆ ಭೇಟಿಯಾದ ಅಂತಲೂ ಹೌದು, ವ್ಯಾಕರಣದ ಸಂಧಿಯೂ ಹೌದು. ಶಾಲೆಯಲ್ಲಿ ಲೋಪ ಆಗಮ ಆದೇಶ ಅಂತ ಬಾಯಿಪಾಠ ಮಾಡಿದ್ದು ಕೊನೆಗೂ ಒಂದು ಕಡೆ ಉಪಯೋಗಕ್ಕೆ ಬಂತು. ಇಲ್ಲಿ ಇನ್ನೊಂದು ಮಜಾ ಇದೆ. ಒಬ್ಬ ಪಾಳೆಯಗಾರ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಇದು ಅಂತ ಅಲ್ಲಿನವರು ಹೇಳುವ ಕಥೆ ಇದೆಯಲ್ಲ, ಅದರ ಪ್ರಕಾರ ಈ ಸುಳಿವಿನಲ್ಲಿ ಮೋಸವೇ ಇಲ್ಲ, ಬರಿ ಇತಿಹಾಸ.

ತಲೆಬರಹದಲ್ಲಿದ್ದಂಥ ಎರಡರ್ಥದ ಸುಳಿವಿಗೆ ವಾಪಸ್ ಬರುತ್ತೇನೆ. ಅದರಲ್ಲಿ ವಿಧಾನದ ತುಂಡಿಲ್ಲ, ಎರಡೂ ತುಂಡು ಅರ್ಥವೇ. ಕನ್ನಡದ ಶಕ್ತಿ ಪೂರ್ತಿ ಕಾಣುವುದು ಅಲ್ಲೇ. ನಮ್ಮಲ್ಲಿ ಒಬ್ಬರಿಗೆ ಆಜ್ಞೆ ಮಾಡುವಾಗ ಬರಿ ಧಾತು ಸಾಕು. ನೋಡು, ಹಾಡು, ಅರಸು. ಆ ಧಾತುವೇ ಎಷ್ಟೋ ಸಲ ಒಂದು ನಾಮಪದವೂ ಆಗಿರುತ್ತದೆ. ಕೆರೆ, ತೆರೆ, ಹೊಳೆ, ಬೆಳೆ, ಕಾಡು, ಮಡಿ, ಕರಿ, ಒಂದೊಂದೂ ಒಂದು ವಸ್ತು, ಒಂದು ಕೆಲಸ. ನಮ್ಮ ಅಂಕಿಗಳನ್ನೇ ನೋಡಿ, ಆರು, ಏಳು, ಹತ್ತು ಮೂರೂ ಕ್ರಿಯಾಪದಗಳು. "ಒಂಬತ್ತಾದ ಮೇಲೆ ಏರು (2)": ಹತ್ತು. "ವಾರಕ್ಕೆ ಎಷ್ಟು ದಿನ ಹಾಸಿಗೆ ಬಿಡಬೇಕು? (2)": ಏಳು. "ಕಪ್ಪು ಆನೆಯನ್ನು ಎಣ್ಣೆಗೆ ಬಿಡು (2)": ಕಪ್ಪು ಕರಿ, ಆನೆ ಕರಿ, ಎಣ್ಣೆಗೆ ಬಿಡುವುದೂ ಕರಿ, ಒಂದೇ ಉತ್ತರಕ್ಕೆ ಮೂರು ದಾರಿ. "ಹೊಲದಲ್ಲಿ ಬೇಡ, ಮುಖದಲ್ಲಿ ಬೇಕು (2)". ಇದನ್ನು ನಮ್ಮ ಅತ್ತಿಗೆ ಓದಿದ ಹತ್ತೇ ಸೆಕೆಂಡಿಗೆ ಬಿಡಿಸಿದರು: ಕಳೆ. ಇದು ಒಗಟಿನ ಜಾಯಮಾನದ್ದು, ಒಗಟು ಕೇಳಿ ಬೆಳೆದವರಿಗೆ ನಿಯಮ ಏನೂ ಬೇಕಾಗುವುದಿಲ್ಲ.

ಈಗ ಆನೆಯ ಸುಳಿವನ್ನು ಇನ್ನೊಮ್ಮೆ ನೋಡಿ. ಆನೆಯನ್ನು. ಆ "ಯನ್ನು" ಉತ್ತರದಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಕರಿಯನ್ನು ಅಂತ ಉತ್ತರ ಆಗಿದ್ದರೆ ಸರಿ ಇತ್ತು. ಕನ್ನಡದಲ್ಲಿ ಗೂಢ ಸುಳಿವು ಬರೆಯುವವರ ದೊಡ್ಡ ತಲೆನೋವು ಇದೇ, ವಿಭಕ್ತಿ. ಇಂಗ್ಲಿಷ್‌ನಲ್ಲಿ ಪದಗಳು ಬಿಡಿಬಿಡಿಯಾಗಿ ನಿಂತಿರುತ್ತವೆ, ಅದೇ ಪದ ವಾಕ್ಯದಲ್ಲಿ ಕರ್ತೃವಾಗಿದೆಯೋ ಕರ್ಮವಾಗಿದೆಯೋ ಪದ ನೋಡಿದರೆ ಗೊತ್ತಾಗುವುದಿಲ್ಲ. ನಮ್ಮ ಪದಗಳು ಬಾಲ ಕಟ್ಟಿಕೊಂಡೇ ಓಡಾಡುತ್ತವೆ. "ರಾಜನನ್ನು ಹುಡುಕು" ಎಂದು ಬರೆದರೆ ವಾಕ್ಯ ಇನ್ನೂ ಚೆನ್ನಾಗಿ ಓದಿಸಿಕೊಳ್ಳುತ್ತದೆ, ಆದರೆ "ನನ್ನು" ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ. ಬಾಲ ಕತ್ತರಿಸಿಯೂ ವಾಕ್ಯ ಸಹಜವಾಗಿ ಇರಬೇಕು ಅಂದರೆ ಉಪಾಯ ಬೇಕು. ಒಂದು ಉಪಾಯ, ಕರೆಯುವುದು. ರಾಜ, ಹುಡುಕು. ಸಂಬೋಧನೆಗೆ ಬಾಲ ಬೇಕಿಲ್ಲ, ರಾಜ ಅನ್ನುವುದು ಹುಡುಗರ ಹೆಸರೂ ಹೌದು. ಆ ಒಂದು ಅಲ್ಪವಿರಾಮಕ್ಕೆ ನಾನು ಎರಡು ದಿನ ಒದ್ದಾಡಿದ್ದೇನೆ. ಇನ್ನೊಂದು ಉಪಾಯ, ಮಾತಾಡುವ ಕನ್ನಡ ಬಳಸುವುದು. ಕಾಫಿಯನ್ನು ಕುಡಿ ಅಂತ ಮನೆಯಲ್ಲಿ ಯಾರೂ ಅನ್ನುವುದಿಲ್ಲ, ಕಾಫಿ ಕುಡಿ ಅಂತಾರೆ. ಮಾತಿನಲ್ಲಿ ಜೀವ ಇಲ್ಲದ ವಸ್ತುವಿನ ಬಾಲ ತಾನಾಗಿ ಬಿದ್ದು ಹೋಗಿರುತ್ತದೆ. ಗೂಢ ಸುಳಿವಿಗೆ ಗ್ರಂಥದ ಭಾಷೆಗಿಂತ ಜಗಲಿಯ ಭಾಷೆ ಒದಗುವುದು ಇದಕ್ಕೇ.

ವಾಕ್ಯದ ಕ್ರಮವೂ ಹಾಗೇ ಒಂದು ಗುಟ್ಟು ಬಿಟ್ಟುಕೊಡುತ್ತದೆ. ನಿಯಮದ ಪ್ರಕಾರ ಅರ್ಥದ ತುಂಡು ಸುಳಿವಿನ ಶುರುವಿಗೆ ಅಥವಾ ಕೊನೆಗೆ ಇರಬೇಕು, ನಡುವೆ ಇರುವಂತಿಲ್ಲ. ಕನ್ನಡದಲ್ಲಿ ವಿಶೇಷಣವೆಲ್ಲ ಮೊದಲು, ಯಾವುದರ ಬಗ್ಗೆ ಹೇಳುತ್ತಿದ್ದೇವೋ ಅದು ಆಮೇಲೆ. ಅರಳುವ ಹೂವು, ಬಂದ ಕುಳ್ಳ, ಸಂಧಿಸಿದ ಕಾಫಿ ನಾಡು. ಹೀಗಾಗಿ ಹತ್ತರಲ್ಲಿ ಎಂಟು ಸಲ ಅರ್ಥ ಬಾಲದಲ್ಲೇ ಕೂತಿರುತ್ತದೆ. ಸುಳಿವು ಕೈಗೆ ಸಿಕ್ಕ ಕೂಡಲೇ ಕೊನೆಯ ಪದ ನೋಡಿ, ಮನೆ ಎಣಿಸಿ, ಅರ್ಧ ಕೆಲಸ ಮುಗಿಯುತ್ತದೆ. ಚಾಲಾಕಿ ಕಟ್ಟುವವರು ಇದನ್ನು ಬಲ್ಲರು, ಬೇಕೆಂದೇ ಅರ್ಥವನ್ನು ಮುಂದೆ ಇಟ್ಟು ಹಿಂದೆ ಪ್ರಶ್ನೆಚಿಹ್ನೆಯೋ ಅಲ್ಪವಿರಾಮವೋ ಹಾಕಿ ನಿಮ್ಮನ್ನು ಓಡಿಸುತ್ತಾರೆ.

ಸದ್ದಿನ ಆಟ ಮಾತ್ರ ನಮಗೆ ಜಾಸ್ತಿ ಒಲಿಯಲಿಲ್ಲ. ಇಂಗ್ಲಿಷ್‌ನಲ್ಲಿ ಬರೆಯುವುದು ಒಂದು, ಓದುವುದು ಇನ್ನೊಂದು, ಅದಕ್ಕೇ ಅಲ್ಲಿ "ಕೇಳಿಸಿದ ಹಾಗೆ" ಎಂಬ ಜಾತಿಯ ಸುಳಿವುಗಳ ರಾಶಿಯೇ ಇದೆ. ನಾವು ಬರೆದಂತೆ ಓದುವವರು. ಆದರೂ ನಾಲಿಗೆ ಅಲ್ಲಲ್ಲಿ ಜಾರುತ್ತದಲ್ಲ, ಅಲ್ಲೊಂದು ಕಿಂಡಿ ಇದೆ. "ಹ ಬಾರದವನ ಬಾಯಲ್ಲಿ ಹಾರುವ ಧಾನ್ಯ (2)". ಹಾರುವುದು ಹಕ್ಕಿ, ಹ ಬಾರದಿದ್ದರೆ ಅಕ್ಕಿ. ಇದನ್ನು ಯಾರನ್ನೋ ಆಡಿಕೊಳ್ಳಲು ಬರೆದದ್ದಲ್ಲ, ಮನೆಯಲ್ಲಿ ನಾನೂ ಆಲು, ಅಣ್ಣು ಅಂತಲೇ ಮಾತಾಡುವವನು.

ಇನ್ನು ಮಾವನ ಕಥೆ. ವಾಮನನ ಜಗಳ ಆದ ಮೇಲೆ ಅವರು ಸುಳಿವು ಬಿಡಿಸುವುದಕ್ಕಿಂತ ತಪ್ಪು ಹುಡುಕುವುದರಲ್ಲಿ ಖುಷಿ ಕಂಡರು. ತಿಂಗಳುಗಟ್ಟಲೆ ಇದೇ ನಡೆಯಿತು. ಒಂದು ಭಾನುವಾರ ನಾನು ಸುಳಿವು ಹಾಕುವ ಮೊದಲೇ ಗುಂಪಿನಲ್ಲಿ ಅವರದೊಂದು ಬಂತು. ಕೈಯಲ್ಲಿ ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸಿದ್ದರು.

"ಜೋಗಕ್ಕೆ ಹೋಗುವ ದಾರಿಯಲ್ಲಿ ಸಮುದ್ರ (3)".

ನನಗೆ ತಕ್ಷಣ ಹೊಳೆದದ್ದು ಹೊನ್ನಾವರ. ಸಮುದ್ರದ ದಡದಲ್ಲಿದೆ, ಅಲ್ಲಿಂದ ಘಟ್ಟ ಹತ್ತಿದರೆ ಜೋಗ. ಆದರೆ ನಾಲ್ಕು ಮನೆ. ಕಡಲು, ಶರಧಿ, ಜಲಧಿ ಎಲ್ಲ ಇಟ್ಟು ನೋಡಿದೆ, ಮನೆ ಸರಿ ಹೋಗುತ್ತದೆ, ಜೋಗ ಸರಿ ಹೋಗುವುದಿಲ್ಲ. "ದಾರಿಯಲ್ಲಿ" ಅಂದರೆ ಒಳಗೆ ಅಡಗಿದೆ ಅಂತ ಗ, ಕ್ಕೆ, ಹೋ ಎಂದು ಅಕ್ಷರ ಕೂಡಿಸಿ ಕೂತೆ. ಹಿಂದಕ್ಕೆ ಓದಿದೆ. ಗುಂಪಿನಲ್ಲಿ ಇಷ್ಟೆಲ್ಲ ಪಾಠ ಹೇಳುವ ನಾನು ಸೋಮವಾರ ಸಂಜೆ ಫೋನ್ ಮಾಡಿ ಸೋತೆ ಅಂದೆ.

"ನೀನು ಕಾರಲ್ಲಿ ನಿದ್ದೆ ಮಾಡ್ಕೊಂಡು ಹೋಗ್ತೀಯ, ಅದಕ್ಕೇ ಹೊಳೀಲಿಲ್ಲ" ಅಂದರು ಮಾವ. "ಶಿವಮೊಗ್ಗದಿಂದ ಬಸ್ಸಲ್ಲಿ ಹೋಗಿ ನೋಡು. ಎಲ್ಲಿ ನಿಲ್ಲಿಸಿ ಕಾಫಿ ಕುಡಿಸ್ತಾನೆ?"

ಸಾಗರದಲ್ಲಿ.